ಲೇಸ್ ಹೆಣಿಗೆಯಲ್ಲಿ ಸ್ವಂತ ವಿನ್ಯಾಸ ಕಟ್ಟುವ ಬಗೆ

ಲೇಸ್ ಹೆಣಿಗೆಯ ಶಾಲೊಂದನ್ನು ಬೆಳಕಿಗೆ ಹಿಡಿದರೆ ಕಣ್ಣು ಮೊದಲು ಹೋಗುವುದು ಅದರ ತೂತುಗಳ ಕಡೆಗೆ. ಆದ್ದರಿಂದಲೇ ಸ್ವಂತ ವಿನ್ಯಾಸ ಮಾಡಲು ಹೊರಟವರು ಸಾಮಾನ್ಯವಾಗಿ ಗ್ರಾಫ್ ಹಾಳೆಯ ಮೇಲೆ ತೂತುಗಳಿಂದ ಎಲೆಯನ್ನೋ ಹೂವನ್ನೋ ಬಿಡಿಸಿ, ಆಮೇಲೆ ಕುಣಿಕೆಗಳ ಲೆಕ್ಕ ಸರಿಹೋಗಲೆಂದು ಜಾಗ ಸಿಕ್ಕಲ್ಲೆಲ್ಲ ಎರಡೆರಡು ಕುಣಿಕೆಗಳನ್ನು ಕೂಡಿಸಿ ಹೆಣೆಯುತ್ತಾರೆ. ನಾನೂ ಮೊದಲ ಕೆಲವು ವರ್ಷ ಹಾಗೆಯೇ ಮಾಡಿದೆ. ಲೆಕ್ಕವೇನೋ ಸರಿಯಿರುತ್ತಿತ್ತು; ಆದರೆ ಬಟ್ಟೆ ಒಂದು ಬದಿಗೆ ಓರೆಯಾಗುತ್ತಿತ್ತು, ಹಾಳೆಯ ಮೇಲೆ ಸ್ಪಷ್ಟವಾಗಿ ಕಂಡ ಎಲೆ ಹೆಣಿಗೆಯಲ್ಲಿ ಗುರುತು ಸಿಗದಂತಾಗುತ್ತಿತ್ತು. ತೂತು ಎಲ್ಲಿ ಬೀಳಬೇಕು ಎಂಬುದಕ್ಕಿಂತ ಮೊದಲು ಇಳಿಕೆ, ಅಂದರೆ ಕುಣಿಕೆಗಳನ್ನು ಹೀಗೆ ಕೂಡಿಸಿ ಕಡಿಮೆ ಮಾಡುವುದು, ಎಲ್ಲಿ ಕೂರಬೇಕು ಎಂಬುದನ್ನು ತೀರ್ಮಾನಿಸಬೇಕು ಎಂದು ಅರ್ಥವಾದ ಮೇಲೆಯೇ ನನ್ನ ವಿನ್ಯಾಸಗಳಿಗೆ ರೂಪ ಬಂದದ್ದು. ಕುಣಿಕೆ ಏರಿಸಲು, ಸೀದಾ ಮತ್ತು ಉಲ್ಟಾ ಹೆಣೆಯಲು, ಕೊನೆಗೆ ಮುಚ್ಚಲು ಬಲ್ಲವರಿಗೆ ಆ ದಾರಿಯನ್ನು ಇಲ್ಲಿ ಹಂತಹಂತವಾಗಿ ತೋರಿಸುತ್ತೇನೆ. ನಿಟ್, ಪರ್ಲ್ ಎಂದು ಹೇಳಿ ರೂಢಿಯಾದವರು ಸೀದಾ, ಉಲ್ಟಾ ಎಂದಿರುವಲ್ಲಿ ಅದೇ ಮಾತನ್ನು ಇಟ್ಟುಕೊಂಡು ಓದಬಹುದು.

ಒಂದು ಸುತ್ತು, ಮೂರು ಇಳಿಕೆ

ಲೇಸಿನ ತೂತು ಹುಟ್ಟುವುದು ನೂಲುಸುತ್ತಿನಿಂದ. ಎರಡು ಸೀದಾ ಕುಣಿಕೆಗಳ ನಡುವೆ ನೂಲನ್ನು ಮುಂದಕ್ಕೆ ತಂದು, ಬಲಗಡ್ಡಿಯ ಮೇಲಿಂದ ಹಿಂದಕ್ಕೆ ಹಾಯಿಸಿ, ಮುಂದಿನ ಕುಣಿಕೆಯನ್ನು ಎಂದಿನಂತೆ ಹೆಣೆದರೆ ಕಡ್ಡಿಯ ಮೇಲೆ ಒಂದು ಹೊಸ ಕುಣಿಕೆ ಹೆಚ್ಚಾಗುತ್ತದೆ, ಅದರ ಕೆಳಗೆ ತೂತು ಉಳಿಯುತ್ತದೆ. ಹೀಗೆ ಹೆಚ್ಚಾದ ಕುಣಿಕೆಯನ್ನು ಎಲ್ಲೋ ಒಂದು ಕಡೆ ಇಳಿಸದಿದ್ದರೆ ಬಟ್ಟೆ ಅಗಲವಾಗುತ್ತಲೇ ಹೋಗುತ್ತದೆ. ಇಳಿಕೆಗಳಲ್ಲಿ ಮೂರು ಬಗೆ ಸಾಕು. ಎರಡು ಕುಣಿಕೆಗಳನ್ನು ಒಟ್ಟಿಗೆ ಸೀದಾ ಹೆಣೆದರೆ ಅದು ಬಲಕ್ಕೆ ವಾಲುತ್ತದೆ. ಎರಡು ಕುಣಿಕೆಗಳನ್ನು ಒಂದೊಂದಾಗಿ ಸೀದಾ ಹೆಣೆಯುವ ರೀತಿಯಲ್ಲಿ ಬಲಗಡ್ಡಿಗೆ ಜಾರಿಸಿ, ಎಡಗಡ್ಡಿಯನ್ನು ಅವುಗಳ ಮುಂಬದಿಯಿಂದ ತೂರಿಸಿ ಒಟ್ಟಿಗೆ ಹೆಣೆದರೆ ಅದು ಎಡಕ್ಕೆ ವಾಲುತ್ತದೆ. ಮೂರನೆಯದು ನಡು ಇಳಿಕೆ: ಎರಡು ಕುಣಿಕೆಗಳನ್ನು ಒಟ್ಟಿಗೇ ಸೀದಾ ರೀತಿಯಲ್ಲಿ ಜಾರಿಸಿ, ಮೂರನೆಯದನ್ನು ಹೆಣೆದು, ಜಾರಿಸಿದ ಎರಡನ್ನೂ ಅದರ ಮೇಲಿಂದ ದಾಟಿಸಿ ಬಿಡಬೇಕು. ಮೂರು ಕುಣಿಕೆ ಒಂದಾಗುತ್ತದೆ, ನಡುವಿನ ಕುಣಿಕೆ ಎಲ್ಲಕ್ಕಿಂತ ಮೇಲೆ ನೆಟ್ಟಗೆ ನಿಲ್ಲುತ್ತದೆ. ಎಲೆಯ ನಡುನರ ಬೇಕೆಂದಾಗ ಇದಕ್ಕೆ ಸಾಟಿಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಉಲ್ಟಾ ಹೆಣೆಯುವಾಗ ನೂಲನ್ನು ಕಡ್ಡಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಅಭ್ಯಾಸ ಹಲವರಿಗಿದೆ. ಅದು ತಪ್ಪಲ್ಲ, ಆದರೆ ಆಗ ಕುಣಿಕೆಯ ಮುಂಗಾಲು, ಅಂದರೆ ಕಡ್ಡಿಯ ತುದಿಗೆ ಹತ್ತಿರವಿರುವ ಎಳೆ, ಕಡ್ಡಿಯ ಹಿಂಬದಿಗೆ ಬಂದು ಕೂರುತ್ತದೆ. ಅಂಥವರು ಮೇಲಿನ ವಿವರಣೆಯನ್ನು ಹಾಗೆಯೇ ಅನುಸರಿಸಿದರೆ ಕುಣಿಕೆಗಳು ತಿರುಚಿಕೊಳ್ಳುತ್ತವೆ, ಇಳಿಕೆಯ ವಾಲು ಸ್ವಚ್ಛವಾಗಿ ಕಾಣುವುದಿಲ್ಲ. ನಿಮ್ಮ ಕಡ್ಡಿಯ ಮೇಲಿನ ಕುಣಿಕೆಯ ಯಾವ ಕಾಲು ಮುಂದಿದೆ ಎಂದು ನೋಡಿಕೊಳ್ಳಿ. ಹಿಂದಿನ ಕಾಲು ಮುಂದಾಗಿದ್ದರೆ, ಇಳಿಕೆಗೆ ಮೊದಲು ಕುಣಿಕೆಯನ್ನು ತಿರುಗಿಸಿ ಕೂರಿಸಿ, ಇಲ್ಲವೇ ಲೇಸ್ ಹೆಣೆಯುವಾಗಲಾದರೂ ಉಲ್ಟಾ ಸಾಲಿನ ಸುತ್ತನ್ನು ಬದಲಿಸಿಕೊಳ್ಳಿ.

ಸುತ್ತಿಗೂ ಇಳಿಕೆಗೂ ನಡುವಿನ ದೂರ

ಇಡೀ ವಿನ್ಯಾಸಕಲೆ ಈ ದೂರದಲ್ಲಿ ಅಡಗಿದೆ. ಸುತ್ತಿನ ಪಕ್ಕದಲ್ಲೇ ಇಳಿಕೆ ಇದ್ದರೆ ಸುತ್ತಲಿನ ಕುಣಿಕೆಗಳು ಕದಲುವುದಿಲ್ಲ. ನೆಟ್ಟಗಿನ ಬಟ್ಟೆಯಲ್ಲಿ ತೂತೊಂದು ಕೊರೆದಂತೆ ಕಾಣುತ್ತದೆ. ಆ ತೂತನ್ನು ಪ್ರತಿ ಸೀದಾ ಸಾಲಿನಲ್ಲಿ ಒಂದು ಕುಣಿಕೆಯಷ್ಟು ಎಡಕ್ಕೆ ಸರಿಸುತ್ತ ಹೋದರೆ ಓರೆಗೆರೆ ಸಿಗುತ್ತದೆ. ಎಡಕ್ಕೆ ಸಾಗುವ ಗೆರೆಗೆ ಮೊದಲು ಸುತ್ತು, ಆಮೇಲೆ ಎಡಕ್ಕೆ ವಾಲುವ ಇಳಿಕೆ. ಬಲಕ್ಕೆ ಸಾಗುವ ಗೆರೆಗೆ ಮೊದಲು ಬಲಕ್ಕೆ ವಾಲುವ ಇಳಿಕೆ, ಆಮೇಲೆ ಸುತ್ತು. ಇಳಿಕೆಯ ವಾಲು ಗೆರೆಯ ದಿಕ್ಕಿಗೆ ಹೊಂದಿಕೊಂಡಾಗ ಗೆರೆ ದಾರ ಎಳೆದಂತೆ ನಯವಾಗಿರುತ್ತದೆ, ವಿರುದ್ಧವಾದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎರಡಕ್ಕೂ ಉಪಯೋಗವಿದೆ, ಆದರೆ ಯಾವುದು ಬೇಕೆಂದು ಮೊದಲೇ ಗೊತ್ತಿರಬೇಕು.

ಸುತ್ತನ್ನೂ ಇಳಿಕೆಯನ್ನೂ ದೂರ ಮಾಡಿದರೆ ಚಿತ್ರವೇ ಬದಲಾಗುತ್ತದೆ. ಅವೆರಡರ ನಡುವಿನ ಕುಣಿಕೆಗಳೆಲ್ಲ ಇಳಿಕೆಯ ಕಡೆಗೆ ಬಾಗುತ್ತವೆ. ಬಾಗಿದ ಕುಣಿಕೆಗಳೇ ಎಲೆಯ ಬದಿಗಳು, ಅಲೆಯ ಇಳಿಜಾರುಗಳು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲ್ಯಾಂಡ್ ದ್ವೀಪಗಳ ‘ಓಲ್ಡ್ ಶೇಲ್’ ವಿನ್ಯಾಸವನ್ನು ಒಮ್ಮೆ ಹೆಣೆದು ನೋಡಿದರೆ ಇದು ಕೈಗೇ ಅರ್ಥವಾಗುತ್ತದೆ. ಅದರಲ್ಲಿ 18 ಕುಣಿಕೆಗಳ ಒಂದು ಘಟಕ: ಎರಡೆರಡು ಕೂಡಿಸಿ ಮೂರು ಇಳಿಕೆ, ನಂತರ ಒಂದು ಸುತ್ತು ಒಂದು ಸೀದಾ ಎಂಬಂತೆ ಆರು ಬಾರಿ, ಮತ್ತೆ ಮೂರು ಇಳಿಕೆ. ನಾಲ್ಕು ಸಾಲಿಗೊಮ್ಮೆ ಮಾತ್ರ ಈ ಕೆಲಸ, ಉಳಿದ ಮೂರು ಸಾಲು ಖಾಲಿ. ಆರು ಸುತ್ತು, ಆರು ಇಳಿಕೆ, ಲೆಕ್ಕ ಸಮ. ಆದರೆ ಸುತ್ತುಗಳೆಲ್ಲ ಒಂದು ಕಡೆ, ಇಳಿಕೆಗಳೆಲ್ಲ ಇನ್ನೊಂದು ಕಡೆ ಗುಂಪಾಗಿರುವುದರಿಂದ, ಸುತ್ತುಗಳಿರುವಲ್ಲಿ ಸಾಲು ಮೇಲಕ್ಕೆ ಉಬ್ಬಿ, ಇಳಿಕೆಗಳಿರುವಲ್ಲಿ ಕೆಳಕ್ಕೆ ತಗ್ಗಿ, ನೇರವಾಗಿ ಹೆಣೆದ ಸಾಲೇ ಅಲೆಯಾಗುತ್ತದೆ. ಅಂಚು ಕೂಡ ತಾನಾಗಿ ಕಮಾನು ಕಮಾನಾಗಿ ಬಳುಕುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಚೆಲುವು ಕೊಡುವ ವಿನ್ಯಾಸ ನನಗೆ ಇನ್ನೊಂದು ಗೊತ್ತಿಲ್ಲ.

ಒಂದೇ ಬಗೆಯ ಇಳಿಕೆಯನ್ನು ಇಡೀ ಬಟ್ಟೆಯಲ್ಲಿ ಬಳಸಿದರೆ ಬಟ್ಟೆ ಆ ಬದಿಗೆ ಜಾರುತ್ತದೆ. ಸುತ್ತು, ಬಲ ಇಳಿಕೆ, ಸುತ್ತು, ಬಲ ಇಳಿಕೆ ಎಂದು ಬಲೆಯಂತೆ ಹೆಣೆದ ಸ್ಟೋಲು ಚೌಕವಾಗಿ ನಿಲ್ಲದೆ ಓರೆಯಾಗುವುದು ಇದರಿಂದಲೇ. ಒಂದು ಸೀದಾ ಸಾಲಿನಲ್ಲಿ ಬಲಕ್ಕೆ ವಾಲುವುದನ್ನೂ ಮುಂದಿನ ಸೀದಾ ಸಾಲಿನಲ್ಲಿ ಎಡಕ್ಕೆ ವಾಲುವುದನ್ನೂ ಬಳಸಿದರೆ ಎಳೆತ ಸರಿತೂಗುತ್ತದೆ.

ನಕ್ಷೆ ಬರೆಯುವುದು

ಗ್ರಾಫ್ ಹಾಳೆಯ ಒಂದು ಚೌಕ ಒಂದು ಕುಣಿಕೆ, ಒಂದು ಅಡ್ಡಸಾಲು ಒಂದು ಹೆಣಿಗೆ ಸಾಲು. ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ, ಸೀದಾ ಬದಿಯ ಸಾಲುಗಳನ್ನು ಬಲದಿಂದ ಎಡಕ್ಕೆ ಓದಬೇಕು, ಏಕೆಂದರೆ ಹೆಣಿಗೆ ಸಾಗುವುದು ಹಾಗೆ. ಹಿಂಬದಿಯ ಸಾಲುಗಳೆಲ್ಲ ಬರೀ ಉಲ್ಟಾ ಆಗಿದ್ದರೆ ಅವನ್ನು ಬರೆಯದೆ ಬಿಡಬಹುದು. ಪೆನ್ಸಿಲಿನಲ್ಲಿಯೇ ಬರೆಯಿರಿ. ಮೊದಲು ಇಳಿಕೆಗಳನ್ನು ಗುರುತಿಸಿ, ಅವು ಸಾಲಿನಿಂದ ಸಾಲಿಗೆ ಒಂದರ ಮೇಲೊಂದು ನಿಲ್ಲುತ್ತವೆಯೋ ಪಕ್ಕಕ್ಕೆ ಸರಿಯುತ್ತವೆಯೋ ನೋಡಿ, ಅನಂತರ ಸುತ್ತುಗಳನ್ನು ತುಂಬಿ. ಪ್ರತಿ ಸಾಲಿನ ಕೊನೆಯಲ್ಲಿ ಎಷ್ಟು ಸುತ್ತು, ಎಷ್ಟು ಕುಣಿಕೆ ಇಳಿದಿದೆ ಎಂದು ಬರೆದಿಡಿ. ನಡು ಇಳಿಕೆ ಎರಡು ಕುಣಿಕೆ ಇಳಿಸುತ್ತದೆ ಎಂಬುದನ್ನು ಮರೆಯಬೇಡಿ.

ಹಳೆಯ ವಿನ್ಯಾಸದಿಂದ ಹೊಸದಕ್ಕೆ

ಏನೂ ಇಲ್ಲದ ಹಾಳೆಯಿಂದ ಆರಂಭಿಸುವುದಕ್ಕಿಂತ, ಚೆನ್ನಾಗಿ ಗೊತ್ತಿರುವ ವಿನ್ಯಾಸವೊಂದರ ನಿಯಮವನ್ನು ಅರಿತು ಅದನ್ನು ಮುರಿಯುತ್ತ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಶೆಟ್ಲ್ಯಾಂಡಿನದೇ ಇನ್ನೊಂದು ಹಳೆಯ ವಿನ್ಯಾಸವಾದ ಕುದುರೆಲಾಳವನ್ನು ತೆಗೆದುಕೊಳ್ಳೋಣ. ಬರೆಯಲು ಅನುಕೂಲವಾಗಲೆಂದು ಸೀದಾ ಎಂಬುದಕ್ಕೆ ‘ಸೀ’, ಸುತ್ತಿಗೆ ‘ಸು’, ಬಲಕ್ಕೆ ವಾಲುವ ಇಳಿಕೆಗೆ ‘ಬ’, ಎಡಕ್ಕೆ ವಾಲುವುದಕ್ಕೆ ‘ಎ’, ನಡು ಇಳಿಕೆಗೆ ‘ನ’ ಎಂದಿಟ್ಟುಕೊಂಡಿದ್ದೇನೆ. ಎರಡು ನಕ್ಷತ್ರಗಳ ನಡುವಿನದು ಮರುಕಳಿಸುವ ಘಟಕ. ಕುಣಿಕೆಗಳ ಸಂಖ್ಯೆ 10ರ ಗುಣಕಕ್ಕೆ ಒಂದು ಹೆಚ್ಚು. ಸಮಸಂಖ್ಯೆಯ ಸಾಲುಗಳೆಲ್ಲ ಉಲ್ಟಾ. ಅದರ ಸರಳ ರೂಪ ಹೀಗಿದೆ:

1ನೇ ಸಾಲು: ಸೀ1, *ಸು, ಸೀ3, ನ, ಸೀ3, ಸು, ಸೀ1*
3ನೇ ಸಾಲು: ಸೀ1, *ಸೀ1, ಸು, ಸೀ2, ನ, ಸೀ2, ಸು, ಸೀ2*
5ನೇ ಸಾಲು: ಸೀ1, *ಸೀ2, ಸು, ಸೀ1, ನ, ಸೀ1, ಸು, ಸೀ3*
7ನೇ ಸಾಲು: ಸೀ1, *ಸೀ3, ಸು, ನ, ಸು, ಸೀ4*

ಇದರ ನಿಯಮವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನಡು ಇಳಿಕೆ ಇದ್ದಲ್ಲೇ ಇರುತ್ತದೆ, ಎರಡೂ ಬದಿಯ ಸುತ್ತುಗಳು ಪ್ರತಿ ಸಲ ಒಂದೊಂದು ಹೆಜ್ಜೆ ಅದರ ಹತ್ತಿರ ಬರುತ್ತವೆ. ಎಂಟು ಸಾಲುಗಳಾದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಿದರೆ ಇಳಿಕೆಗಳು ಒಂದರ ಮೇಲೊಂದು ಸಾಲಾಗಿ ನಿಂತು ಲಾಳದ ಮೇಲೆ ಲಾಳ ಬರುತ್ತದೆ. ಈಗ ಮೊದಲ ಬದಲಾವಣೆ. ಮುಂದಿನ ಎಂಟು ಸಾಲುಗಳಲ್ಲಿ ಇಳಿಕೆಯನ್ನು ಘಟಕದ ಅರ್ಧದಷ್ಟು, ಅಂದರೆ ಐದು ಕುಣಿಕೆ, ಪಕ್ಕಕ್ಕೆ ಸರಿಸೋಣ. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೊಸದಲ್ಲ. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಕೂರುವ ಲೆಕ್ಕವೇ ಇಲ್ಲಿಯೂ. ಹಾಗೆ ಸರಿಸಿದ ಕೂಡಲೇ ಲಾಳಗಳು ಮಾಯವಾಗುತ್ತವೆ. ಮೊದಲ ಎಂಟು ಸಾಲುಗಳಲ್ಲಿ ಎರಡು ಲಾಳಗಳ ನಡುವೆ 1, 3, 5, 7 ಎಂದು ಅಗಲವಾಗುತ್ತ ಬಂದ ಖಾಲಿ ಜಾಗ, ಮುಂದಿನ ಎಂಟು ಸಾಲುಗಳಲ್ಲಿ ತನ್ನ ನಡುವೆ ಇಳಿಕೆ ಬಿದ್ದದ್ದರಿಂದ ಅದೇ ಕ್ರಮದಲ್ಲಿ ಕಿರಿದಾಗಿ, ಎರಡೂ ತುದಿ ಚೂಪಾದ ಎಲೆಯಾಗುತ್ತದೆ.

ಎಲೆಯ ಹೊಟ್ಟೆ ಬರಿದಾಗಿ ಕಂಡಿತೆಂದು ಅಲ್ಲಿ ಒಂದು ಕಣ್ಣು ಇಡಬೇಕೆನಿಸಿತು: ಸು, ನ, ಸು, ಅಂದರೆ ನಡುವೆ ಒಂದು ನರ, ಎರಡು ಬದಿಗೆ ಎರಡು ತೂತು. 7ನೇ ಸಾಲಿನಲ್ಲಿ ಏಳು ಸೀದಾ ಕುಣಿಕೆಗಳಿರುವುದರಿಂದ ಅಲ್ಲಿಯೇ ಇಟ್ಟೆ. ಹಾಳೆಯ ಮೇಲೆ ಅದು ಸೊಗಸಾಗಿಯೇ ಇತ್ತು. ಹೆಣೆದು ಒಣಗಿಸಿ ಕಿಟಕಿಗೆ ಹಿಡಿದಾಗ ಎಲೆಗಳಿಗೆ ಅಡ್ಡಲಾಗಿ ತೂತುಗಳ ನೇರ ಪಟ್ಟಿಯೊಂದು ಹಾದುಹೋಗಿತ್ತು. ಕಾರಣ ಹುಡುಕಿದರೆ ಸರಳ: ಪಕ್ಕದ ಎಲೆಯ ತುದಿ ಮುಗಿಯುವುದೂ ಅದೇ 7ನೇ ಸಾಲಿನಲ್ಲಿ, ಅದೂ ಸು, ನ, ಸು ಎಂಬ ಅದೇ ರೂಪದಲ್ಲಿ. ಹೀಗಾಗಿ ಐದು ಕುಣಿಕೆಗೊಮ್ಮೆ ಒಂದೇ ತರಹದ ಜೋಡಿ ತೂತುಗಳು ಸಾಲುಗಟ್ಟಿ, ತುದಿ ಯಾವುದು ಕಣ್ಣು ಯಾವುದು ಎಂದು ಕಣ್ಣಿಗೆ ತಿಳಿಯದಾಗಿತ್ತು. 5ನೇ ಸಾಲಿಗೆ ಇಳಿಸಿದರೆ ಕಣ್ಣಿಗೂ ಎಲೆಯ ಅಂಚಿಗೂ ನಡುವೆ ಒಂದೇ ಕುಣಿಕೆ ಉಳಿದು ಎಲ್ಲವೂ ಬಲೆಯಂತಾಯಿತು. ಕೊನೆಗೆ ಎಲೆಯನ್ನೇ ಎರಡು ಸಾಲು ಉದ್ದ ಮಾಡಿ, ಪಕ್ಕದ ತುದಿ ಮುಗಿದ ಮೇಲಿನ ಹೊಸ ಸಾಲಿನಲ್ಲಿ ಕಣ್ಣನ್ನು ಇಟ್ಟಾಗ ವಿನ್ಯಾಸ ಸರಿಹೋಯಿತು. ಕಣ್ಣಿನ ನಡು ಇಳಿಕೆಯ ನೇರ ಮೇಲೆಯೇ ಎಲೆಯ ಮೇಲ್ಭಾಗದ ನಡು ಇಳಿಕೆಗಳು ಬರುವುದರಿಂದ, ಎಲೆಯ ನರ ಕಣ್ಣಿನಿಂದ ಹುಟ್ಟಿ ತುದಿಯವರೆಗೆ ಸಾಗುತ್ತದೆ. ಇದನ್ನು ನಾನು ಎಣಿಸಿರಲಿಲ್ಲ. ಇಳಿಕೆಗಳು ತಮ್ಮ ಜಾಗದಲ್ಲಿ ಕೂತಾಗ ಇಂಥದ್ದು ಸಿಗುತ್ತದೆ.

ಮೊದಲ ಎಂಟು ಸಾಲುಗಳು ಮೇಲಿನಂತೆಯೇ. ಉಳಿದವು:

9ನೇ ಸಾಲು: ಸೀ9, *ಸು, ನ, ಸು, ಸೀ7*, ಕೊನೆಯಲ್ಲಿ ಸೀ2
11ನೇ ಸಾಲು: ಎ, *ಸೀ3, ಸು, ಸೀ1, ಸು, ಸೀ3, ನ*
13ನೇ ಸಾಲು: ಎ, *ಸೀ2, ಸು, ಸೀ3, ಸು, ಸೀ2, ನ*
15ನೇ ಸಾಲು: ಎ, *ಸೀ1, ಸು, ಸೀ5, ಸು, ಸೀ1, ನ*
17ನೇ ಸಾಲು: ಎ, *ಸು, ಸೀ7, ಸು, ನ*
19ನೇ ಸಾಲು: ಸೀ4, *ಸು, ನ, ಸು, ಸೀ7*, ಕೊನೆಯ ಘಟಕದಲ್ಲಿ ಸೀ7ರ ಬದಲು ಸೀ4

11ರಿಂದ 17ರವರೆಗಿನ ಸಾಲುಗಳಲ್ಲಿ ಕೊನೆಯ ಘಟಕದ ‘ನ’ ಬದಲು ‘ಬ’ ಹೆಣೆಯಬೇಕು. ಏಕೆಂದರೆ ಅರ್ಧ ಘಟಕ ಸರಿದಾಗ ಎರಡೂ ಅಂಚುಗಳಲ್ಲಿ ಅರ್ಧ ಎಲೆ ಮಾತ್ರ ಉಳಿಯುತ್ತದೆ, ಅರ್ಧ ಎಲೆಗೆ ಎರಡು ಕುಣಿಕೆಯ ಇಳಿಕೆ ಹೆಚ್ಚಾಗುತ್ತದೆ. ಸ್ವಂತ ವಿನ್ಯಾಸಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಅಂಚುಗಳಲ್ಲೇ. ಆದ್ದರಿಂದ ನಕ್ಷೆಯಲ್ಲಿ ಒಂದು ಘಟಕವನ್ನಷ್ಟೇ ಬರೆದು ನಿಲ್ಲಿಸದೆ, ಬಲ ಅಂಚು, ಎರಡು ಪೂರ್ಣ ಘಟಕ, ಎಡ ಅಂಚು ಇಷ್ಟನ್ನೂ ಬರೆದು ಎಣಿಸಿ. ಇನ್ನೊಂದು ವಿಷಯ: ಘಟಕಗಳ ನಡುವೆ ಗುರುತಿನ ಉಂಗುರ ಹಾಕುವವರು 8ನೇ ಸಾಲಿನಲ್ಲಿ ಅವುಗಳನ್ನು ಐದು ಕುಣಿಕೆ ಸರಿಸಿ, 18ನೇ ಸಾಲಿನಲ್ಲಿ ಹಿಂದಕ್ಕೆ ತರಬೇಕಾಗುತ್ತದೆ. ಇಲ್ಲವಾದರೆ ಉಂಗುರ ನಡು ಇಳಿಕೆಯ ಮೂರು ಕುಣಿಕೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ.

ಮಾದರಿ ತುಂಡು

ಈ ವಿನ್ಯಾಸಕ್ಕೆ ಕನಿಷ್ಠ ಮೂರು ಘಟಕ ಅಗಲ, ಎರಡು ಆವರ್ತನ ಎತ್ತರದ ಮಾದರಿ ಬೇಕು. ಎರಡೂ ಬದಿಗೆ ಎಲ್ಲ ಸಾಲಿನಲ್ಲೂ ಸೀದಾ ಹೆಣೆಯುವ ಮೂರು ಮೂರು ಕುಣಿಕೆಗಳನ್ನು ಸೇರಿಸಿದರೆ ಒಟ್ಟು 37 ಕುಣಿಕೆ, 40 ಸಾಲು. ಅಂಚಿನ ಈ ಮೂರು ಕುಣಿಕೆಗಳು ಬಟ್ಟೆ ಸುರುಳಿಯಾಗುವುದನ್ನು ತಡೆಯುತ್ತವೆ. ತಿಳಿ ಬಣ್ಣದ, ನಯವಾದ ನೂಲನ್ನು ಆರಿಸಿಕೊಳ್ಳಿ. ಗಾಢ ಬಣ್ಣದಲ್ಲಿ ತಪ್ಪು ಕಾಣುವುದಿಲ್ಲ, ಜುಂಗುಜುಂಗಾದ ನೂಲಿನಲ್ಲಿ ಬಿಚ್ಚಲು ಬರುವುದಿಲ್ಲ. ಕಡ್ಡಿ ಆ ನೂಲಿಗೆ ಸ್ವೆಟರ್ ಹೆಣೆಯಲು ಬಳಸುವುದಕ್ಕಿಂತ ಒಂದೆರಡು ಅಳತೆ ದಪ್ಪವಿರಲಿ. ನಮ್ಮಲ್ಲಿ ಇನ್ನೂ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಸಂಖ್ಯೆಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣ: 11ನೇ ನಂಬರು ಎಂದರೆ 3 ಮಿಲಿಮೀಟರ್, 8ನೇ ನಂಬರು ಎಂದರೆ 4 ಮಿಲಿಮೀಟರ್.

ಪ್ರತಿ 20 ಸಾಲಿಗೊಮ್ಮೆ, ಉಲ್ಟಾ ಸಾಲು ಮುಗಿದ ಕೂಡಲೇ, ದಬ್ಬಣದಲ್ಲಿ ಬೇರೆ ಬಣ್ಣದ ತೆಳು ಹತ್ತಿ ದಾರ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ ಬಿಡಿ. ಆದರೆ ಗುರುತಿನ ಉಂಗುರಗಳ ಮೂಲಕ ಹಾಯಿಸಬೇಡಿ. ಲೇಸಿನಲ್ಲಿ ಜಾರಿದ ಸುತ್ತನ್ನು ಹಿಡಿದು ಮೇಲೆತ್ತುವುದು ಸಾದಾ ಹೆಣಿಗೆಯಷ್ಟು ಸುಲಭವಲ್ಲ. ಈ ದಾರವಿದ್ದರೆ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು, ಹೊಸ ಪ್ರಯೋಗಗಳಿಗೂ ಕೈ ಹಿಂಜರಿಯುವುದಿಲ್ಲ.

ಇನ್ನಷ್ಟು ತಂತ್ರಗಳು

ಕೈ ಕುದುರಿದ ಮೇಲೆ ಬೇರೆ ಊರುಗಳ ಲೇಸುಗಳಿಂದ ಕಲಿಯುವುದು ಬಹಳವಿದೆ. ಎಸ್ಟೋನಿಯಾದ ಕರಾವಳಿ ಪಟ್ಟಣವಾದ ಹಾಪ್ಸಾಲುವಿನ ಶಾಲುಗಳಲ್ಲಿ ತೂತುಗಳ ಜೊತೆಗೆ ‘ನುಪ್’ ಎಂಬ ಪುಟ್ಟ ಗಂಟುಮೊಗ್ಗುಗಳಿರುತ್ತವೆ. ಒಂದೇ ಕುಣಿಕೆಯಲ್ಲಿ ಸೀದಾ, ಸುತ್ತು, ಸೀದಾ, ಸುತ್ತು, ಸೀದಾ, ಸುತ್ತು, ಸೀದಾ ಎಂದು ಏಳು ಕುಣಿಕೆಗಳನ್ನು ತೆಗೆದು, ಮುಂದಿನ ಸಾಲಿನಲ್ಲಿ ಆ ಏಳನ್ನೂ ಒಟ್ಟಿಗೆ ಉಲ್ಟಾ ಹೆಣೆದರೆ ನುಪ್ ಆಗುತ್ತದೆ. ಏಳನ್ನೂ ಬೇಕೆಂದೇ ಉದ್ದವಾಗಿ, ಸಡಿಲವಾಗಿ ಎಳೆದುಕೊಳ್ಳದಿದ್ದರೆ ಹಿಂದಿರುಗುವಾಗ ಕಡ್ಡಿಯ ತುದಿ ಅವುಗಳೊಳಗೆ ತೂರುವುದೇ ಇಲ್ಲ. ನಮ್ಮ ಎಲೆಯ ವಿನ್ಯಾಸದಲ್ಲಿ 9 ಮತ್ತು 19ನೇ ಸಾಲಿನ ಕಣ್ಣಿನ ಜಾಗದಲ್ಲಿ, ಮೂರು ಕುಣಿಕೆಗಳ ಪೈಕಿ ನಡುವಿನದರಲ್ಲಿ ಒಂದು ನುಪ್ ಹಾಕಿದರೆ ಕುಣಿಕೆಗಳ ಲೆಕ್ಕ ಬದಲಾಗದೆ ತೂತಿನ ಬದಲು ಮೊಗ್ಗು ಬರುತ್ತದೆ.

ಶೆಟ್ಲ್ಯಾಂಡಿನ ಅತಿ ನವಿರಾದ ಶಾಲುಗಳೂ ರಷ್ಯಾದ ಒರೆನ್‌ಬರ್ಗಿನ ಆಡಿನ ನವಿರುಗೂದಲಿನ ಶಾಲುಗಳೂ ಎರಡೂ ಬದಿಯಲ್ಲಿ ಸೀದಾ ಹೆಣೆದ ನೆಲದ ಮೇಲೆ ಅರಳುತ್ತವೆ. ಅಂಥ ಬಟ್ಟೆ ಸುರುಳಿಯಾಗುವುದಿಲ್ಲ, ಎರಡೂ ಮುಖ ಬಹುಮಟ್ಟಿಗೆ ಒಂದೇ ತರಹ ಕಾಣುತ್ತವೆ. ಶಾಲಿಗೆ ಇದು ದೊಡ್ಡ ಗುಣ. ಮೇಲಿನ ನಕ್ಷೆಯನ್ನೇ ಸಮಸಂಖ್ಯೆಯ ಸಾಲುಗಳಲ್ಲಿ ಉಲ್ಟಾ ಬದಲು ಸೀದಾ ಹೆಣೆದು ನೋಡಿ. ನರದ ಸ್ಪಷ್ಟತೆ ತುಸು ಕಡಿಮೆಯಾದರೂ ಬಟ್ಟೆಗೆ ಮೆತ್ತನೆಯ ತುಂಬು ಬರುತ್ತದೆ. ಹಿಂಬದಿಯ ಸಾಲುಗಳಲ್ಲೂ ಸುತ್ತು, ಇಳಿಕೆ ಮಾಡುವ ಕಷ್ಟದ ಕೆಲಸವನ್ನು ಇದಾದ ಮೇಲೆ ಕೈಗೆತ್ತಿಕೊಂಡರೆ ಸಾಕು. ದೊಡ್ಡ ತೂತು ಬೇಕಾದಲ್ಲಿ ನೂಲನ್ನು ಎರಡು ಸಲ ಸುತ್ತಿ, ಹಿಂದಿರುಗುವಾಗ ಆ ಜೋಡಿ ಸುತ್ತಿನಲ್ಲಿ ಒಂದು ಸೀದಾ, ಒಂದು ಉಲ್ಟಾ ಹೆಣೆಯಬೇಕು.

ಹಿಗ್ಗಿಸಿ ಒಣಗಿಸುವುದು

ಕಡ್ಡಿಯಿಂದ ಇಳಿದ ಲೇಸು ಮುದುಡಿದ ಬಟ್ಟೆಯಂತಿರುತ್ತದೆ. ಅದನ್ನು ನೋಡಿ ವಿನ್ಯಾಸ ಕೆಟ್ಟಿತೆಂದು ತೀರ್ಮಾನಿಸಬಾರದು. ಮುಚ್ಚುವಾಗಲೂ ಸಡಿಲವಾಗಿರಬೇಕು: ಎರಡು ಕುಣಿಕೆಗಳನ್ನು ಹಿಂಬದಿಯಿಂದ ಕೂಡಿಸಿ ಹೆಣೆದು, ಬಂದ ಒಂದನ್ನು ಎಡಗಡ್ಡಿಗೆ ಮರಳಿಸಿ, ಮುಂದಿನದರೊಡನೆ ಮತ್ತೆ ಕೂಡಿಸುತ್ತ ಹೋದರೆ ಅಂಚು ಹಿಗ್ಗುತ್ತದೆ. ನಂತರ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಹಾಸಿಗೆಯ ಮೇಲೋ ದಪ್ಪ ಚಾಪೆಯ ಮೇಲೋ ಎಳೆದು ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಬಿಗಿದು ಪೂರ್ತಿ ಒಣಗಲು ಬಿಡಿ. ಉಣ್ಣೆ ಹೀಗೆ ಹಿಗ್ಗಿದ ರೂಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೇಳಿದರೆ ಬಹಳ ಸಲ ಕೈಗೆ ಬರುವುದು ಅಕ್ರಿಲಿಕ್, ಅದು ನೀರಿಗೆ ಬಗ್ಗುವುದಿಲ್ಲ. ಅದನ್ನು ಒಣಗಿರುವಾಗಲೇ ಎಳೆದು ಪಿನ್ನು ಹಾಕಿ, ಹಬೆಯ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಮೇಲಿನಿಂದ ಹಬೆ ಕೊಡಬೇಕು. ಇಸ್ತ್ರಿ ತಾಗಿದರೆ ನೂಲು ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಸರಿಯಾಗದು. ಲೇಬಲ್ ಓದಿ ಕೊಳ್ಳಿ.

ಅಳತೆ ತೆಗೆಯಬೇಕಾದದ್ದು ಪಿನ್ನು ಬಿಚ್ಚಿ ಒಂದು ದಿನ ಬಿಟ್ಟ ಮೇಲೆ. ಒಂದು ಘಟಕ 5.5 ಸೆಂಟಿಮೀಟರ್ ಬಂದರೆ, 55 ಸೆಂಟಿಮೀಟರ್ ಅಗಲದ ಸ್ಟೋಲಿಗೆ ಹತ್ತು ಘಟಕ, ಅಂದರೆ 101 ಕುಣಿಕೆ. ಅಂಚಿನ ಆರು ಸೇರಿ 107. ಇಪ್ಪತ್ತು ಸಾಲು 6 ಸೆಂಟಿಮೀಟರ್ ಬಂದರೆ 180 ಸೆಂಟಿಮೀಟರ್ ಉದ್ದಕ್ಕೆ 600 ಸಾಲು. ಮಾದರಿ ತುಂಡನ್ನು ಬಿಚ್ಚದೆ, ನೂಲಿನ ಹೆಸರು, ಕಡ್ಡಿಯ ಅಳತೆ, ಒಣಗಿದ ಮೇಲಿನ ಅಗಲ ಮತ್ತು ಎತ್ತರವನ್ನು ಚೀಟಿಯಲ್ಲಿ ಬರೆದು, ಅದನ್ನು ನಕ್ಷೆಯ ಜೊತೆಗೆ ತುಂಡಿಗೆ ಪಿನ್ನು ಮಾಡಿ ಇಡಿ.